ಸಂಪು, ಪೈಪು ಮತ್ತು ಎರಡು ಗ್ರಾಫಿಕ್ಸ್ ಕಾರ್ಡುಗಳು

ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಸಾಧಾರಣ ಮಾನಿಟರಿನಲ್ಲಿ ಒಟ್ಟು 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕಾದರೆ ಪ್ರತಿ ಸೆಕೆಂಡೂ ಹನ್ನೆರಡು ಕೋಟಿಗೂ ಮಿಗಿಲಾದ ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕಾಗುತ್ತದೆ. ಒಂದು ಚುಕ್ಕೆಯ ಲೆಕ್ಕ ಬಹುಮಟ್ಟಿಗೆ ಪಕ್ಕದ ಚುಕ್ಕೆಯ ಲೆಕ್ಕಕ್ಕಾಗಿ ಕಾಯಬೇಕಿಲ್ಲವಾದ್ದರಿಂದ, ನಾಲ್ಕಾರು ಪ್ರಬಲ ಘಟಕಗಳಿಗಿಂತ ಸಾವಿರಾರು ಸರಳ ಘಟಕಗಳು ಒಟ್ಟಿಗೇ ದುಡಿಯುವುದು ಇಲ್ಲಿ ಲಾಭಕರ. ಗ್ರಾಫಿಕ್ಸ್ ಕಾರ್ಡ್ ಎಂಬುದು ಇಂತಹ ಘಟಕಗಳನ್ನೂ ಅವುಗಳಿಗೆ ಮೀಸಲಾದ ಮೆಮೊರಿಯನ್ನೂ ಒಂದೇ ಹಲಗೆಯ ಮೇಲೆ ಕೂರಿಸಿದ ಉಪಕರಣ.

ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಉತ್ತರಹಳ್ಳಿ ರಸ್ತೆಯ ಜೆಎಸ್‌ಎಸ್ ಕಾಲೇಜು ಎರಡಕ್ಕೂ ದೂರವಲ್ಲದ ಕೆಂಗೇರಿ ಉಪನಗರದಂತಹ ಬಡಾವಣೆಯಲ್ಲಿ, ಹಗಲು ಪ್ರಾಜೆಕ್ಟಿಗೂ ರಾತ್ರಿ ಆಟಕ್ಕೂ ಒಂದೇ ಕಂಪ್ಯೂಟರನ್ನು ನೆಚ್ಚಿಕೊಂಡ ವಿದ್ಯಾರ್ಥಿಗೆ ಎದುರಾಗುವ ಆಯ್ಕೆಗಳಲ್ಲಿ ಎನ್‌ವಿಡಿಯಾ ಕಂಪನಿಯ ಎರಡು ಕಾರ್ಡುಗಳ ನಡುವಿನದು ಬಹಳ ಸ್ವಾರಸ್ಯಕರವಾದುದು. ಕೆಂಗೇರಿಗೆ ಮೆಟ್ರೊ ಬರುವುದಕ್ಕೆ ಆರು ತಿಂಗಳ ಮೊದಲು, 2021ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಂದದ್ದು ಆರ್‌ಟಿಎಕ್ಸ್ 3060. ಅದರ ಉತ್ತರಾಧಿಕಾರಿ ಆರ್‌ಟಿಎಕ್ಸ್ 4060 ಬಂದದ್ದು 2023ರ ಜೂನ್‌ನಲ್ಲಿ. ಹೊಸದು ಹಳೆಯದಕ್ಕಿಂತ ಎಲ್ಲದರಲ್ಲೂ ಮೇಲಿರುತ್ತದೆ ಎಂಬ ಸಹಜ ನಿರೀಕ್ಷೆ ಈ ಜೋಡಿಯ ವಿಷಯದಲ್ಲಿ ನಿಲ್ಲುವುದಿಲ್ಲ.

ಲೆಕ್ಕ ಮಾಡುವ ಘಟಕಗಳನ್ನು ಎನ್‌ವಿಡಿಯಾ ‘ಕುಡಾ ಕೋರ್’ ಎಂದು ಕರೆಯುತ್ತದೆ. ಇವು ಹಳೆಯ ಕಾರ್ಡಿನಲ್ಲಿ 3584 ಇದ್ದರೆ ಹೊಸದರಲ್ಲಿ 3072 ಮಾತ್ರ. ಆದರೆ ಹಳೆಯ ಚಿಪ್ಪು ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್ ವಿಧಾನದಲ್ಲಿ ತಯಾರಾದುದು, ಹೊಸದು ತೈವಾನಿನ ಟಿಎಸ್‌ಎಂಸಿಯ ಇನ್ನೂ ಸೂಕ್ಷ್ಮವಾದ ವಿಧಾನದಲ್ಲಿ ತಯಾರಾದುದು. ಆ ಸೂಕ್ಷ್ಮತೆಯ ಫಲವಾಗಿ 1.78 ಗಿಗಾಹರ್ಟ್ಸ್ ಇದ್ದ ಗಡಿಯಾರದ ವೇಗ, ಎಂದರೆ ಒಂದು ಸೆಕೆಂಡಿನಲ್ಲಿ ಚಿಪ್ಪು ಇಡುವ ಹೆಜ್ಜೆಗಳ ಸಂಖ್ಯೆ, 2.46 ಗಿಗಾಹರ್ಟ್ಸ್‌ಗೆ ಏರಿತು. ಪ್ರತಿ ಹೆಜ್ಜೆಗೆ ಒಂದು ಕೋರ್ ಎರಡು ಲೆಕ್ಕ ಮುಗಿಸುತ್ತದೆಂದು ಹಿಡಿದು ಗುಣಿಸಿದರೆ ಹಳೆಯದರ ಸಾಮರ್ಥ್ಯ ಸೆಕೆಂಡಿಗೆ 12.7 ಲಕ್ಷ ಕೋಟಿ ಲೆಕ್ಕ, ಹೊಸದರದು 15.1 ಲಕ್ಷ ಕೋಟಿ. ಕೋರ್‌ಗಳ ಸಂಖ್ಯೆಯೊಂದನ್ನೇ ಹಿಡಿದು ಎರಡು ತಲೆಮಾರಿನ ಕಾರ್ಡುಗಳನ್ನು ತೂಗುವುದು ವ್ಯರ್ಥವೆಂಬುದಕ್ಕೆ ಇಷ್ಟು ಸಾಕು.

ನಿಜವಾದ ತೊಡಕು ಇರುವುದು ಮೆಮೊರಿಯಲ್ಲಿ, ಅದನ್ನು ಅರಿಯಲು ಬೆಂಗಳೂರಿನ ಮನೆಯ ನೀರಿನ ವ್ಯವಸ್ಥೆಗಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ. ಕಾರ್ಡಿನ ಮೆಮೊರಿಯನ್ನು ಮನೆಯ ಸಂಪು ಎಂದು ಭಾವಿಸಿದರೆ, ಅಲ್ಲಿಂದ ಚಿಪ್ಪಿನವರೆಗಿನ ದತ್ತಾಂಶದ ಹಾದಿ ಪೈಪು, ಚಿಪ್ಪಿನ ಒಳಗೇ ಇರುವ ‘ಕ್ಯಾಶ್’ ಎಂಬ ಪುಟ್ಟ ಮೆಮೊರಿ ಮಾಳಿಗೆಯ ಮೇಲಿನ ಟ್ಯಾಂಕು. ಹಳೆಯ ಕಾರ್ಡಿನ ಸಂಪು 12 ಜಿಬಿಯದು, ಪೈಪಿನ ಅಗಲ 192 ಬಿಟ್; ಹೊಸದರ ಸಂಪು 8 ಜಿಬಿ, ಪೈಪು 128 ಬಿಟ್. ಪೈಪಿನ ಪ್ರತಿ ಬಿಟ್‌ನಲ್ಲಿ ಸೆಕೆಂಡಿಗೆ ಹಳೆಯದರಲ್ಲಿ 15, ಹೊಸದರಲ್ಲಿ 17 ಗಿಗಾಬಿಟ್ ಹರಿಯುತ್ತದೆ. ಅಗಲವನ್ನು ವೇಗದಿಂದ ಗುಣಿಸಿ, ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಎಂಟರಿಂದ ಭಾಗಿಸಿದರೆ, ಹಳೆಯದರ ಹರಿವು ಸೆಕೆಂಡಿಗೆ 360 ಜಿಬಿ, ಹೊಸದರದು 272 ಜಿಬಿ. ಪೈಪನ್ನು ಕಿರಿದು ಮಾಡಿದ್ದಕ್ಕೆ ಪರಿಹಾರವೆಂಬಂತೆ ಕಂಪನಿ ಮಾಳಿಗೆಯ ಟ್ಯಾಂಕನ್ನು ಹಿಗ್ಗಿಸಿತು: ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ ಬೆಳೆಯಿತು.

ಆಟಗಳ ಮಟ್ಟಿಗೆ ಈ ಉಪಾಯ ಫಲಿಸಿದೆ. ಒಂದೇ ದೃಶ್ಯದ ಗೋಡೆ, ಹುಲ್ಲು, ನೆರಳುಗಳ ದತ್ತಾಂಶ ಮತ್ತೆ ಮತ್ತೆ ಬಳಕೆಯಾಗುವುದರಿಂದ ಹೆಚ್ಚಿನ ಪಾಲು ಟ್ಯಾಂಕಿನಲ್ಲೇ ದೊರೆತು ಸಂಪಿನವರೆಗೆ ಇಳಿಯುವ ಪ್ರಮೇಯ ಕಡಿಮೆಯಾಗುತ್ತದೆ, ಹಾಗಾಗಿ ಸಾಧಾರಣ ಮಾನಿಟರಿನಲ್ಲಿ 4060 ಸುಮಾರು ಶೇ 20ರಷ್ಟು ಮುಂದಿರುತ್ತದೆ. ಬಿಡುಗಡೆಯ ಕಾಲದ ಜಾಹೀರಾತಿನಲ್ಲಿ ಎದ್ದು ಕಂಡದ್ದು ಮಾತ್ರ ಶೇ 70ರ ಏರಿಕೆ. ಅದು ‘ಫ್ರೇಮ್ ಜನರೇಷನ್’ ಸೇರಿಸಿದ ಲೆಕ್ಕ, ಅಂದರೆ ಎರಡು ನೈಜ ಚಿತ್ರಗಳ ನಡುವೆ ಕಾರ್ಡು ತಾನೇ ಊಹಿಸಿ ಬರೆದ ಚಿತ್ರವನ್ನು ತೂರಿಸುವ ತಂತ್ರ. ಇದರಿಂದ ಚಲನೆ ನಯವಾಗಿ ಕಾಣುವುದು ನಿಜ, ಆದರೆ ಮೌಸ್ ಒತ್ತಿದ ಕ್ಷಣಕ್ಕೂ ಪರದೆಯ ಮೇಲಿನ ಪ್ರತಿಕ್ರಿಯೆಗೂ ನಡುವಿನ ವಿಳಂಬ ತಗ್ಗುವುದಿಲ್ಲ. ಹೀಗಿರುವಾಗ ಊಹೆಯ ಚಿತ್ರವನ್ನು ನೈಜ ಚಿತ್ರದ ಜೊತೆ ಕೂಡಿಸಿ ಎಣಿಸುವುದು ಹಾಲಿನ ಅಳತೆಗೆ ನೊರೆಯನ್ನೂ ಸೇರಿಸಿದ ಹಾಗೆ.

ಪಠ್ಯ ಬರೆಯುವ ಎಐ ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸಹೊರಟಾಗ ತಕ್ಕಡಿ ಮೇಲುಕೆಳಗಾಗುತ್ತದೆ. 800 ಕೋಟಿ ನಿಯತಾಂಕಗಳಿರುವ, ಎಂದರೆ ಕಲಿಕೆಯಲ್ಲಿ ಗಳಿಸಿದ ಅಷ್ಟು ಸಂಖ್ಯೆಗಳಿರುವ ಮಾದರಿಯನ್ನು ನಿಯತಾಂಕಕ್ಕೆ ಒಂದು ಬೈಟ್‌ನಂತೆ ಇರಿಸಿದರೆ ಅದಕ್ಕೇ 8 ಜಿಬಿ ಬೇಕು; ಹೊಸ ಕಾರ್ಡಿನ ಸಂಪು ಅಲ್ಲಿಗೇ ತುಂಬಿ ಬೇರೇನಕ್ಕೂ ಜಾಗ ಉಳಿಯುವುದಿಲ್ಲ, ಹಳೆಯದರಲ್ಲಿ ಇನ್ನೂ 4 ಜಿಬಿ ಖಾಲಿ. ಅರ್ಧ ಬೈಟ್‌ಗೆ ಕುಗ್ಗಿಸಿದರೆ 4 ಜಿಬಿಯಾಗಿ ಎರಡರಲ್ಲೂ ಹಿಡಿಸುತ್ತದೆ, ನಿಜ. ಆದರೆ ಇಂತಹ ಮಾದರಿ ಒಂದೊಂದು ಪದದ ತುಣುಕನ್ನು ಬರೆಯುವಾಗಲೂ ತನ್ನ ಎಲ್ಲ ಸಂಖ್ಯೆಗಳನ್ನೂ ಒಮ್ಮೆ ಓದಬೇಕಾಗುವುದರಿಂದ 24 ಎಂಬಿಯ ಟ್ಯಾಂಕು ಲೆಕ್ಕಕ್ಕೇ ಬಾರದೆ ಪೈಪಿನ ಹರಿವೇ ಮಿತಿಯಾಗಿ ನಿಲ್ಲುತ್ತದೆ. 360ನ್ನು ನಾಲ್ಕರಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ 90 ತುಣುಕು, 272ನ್ನು ಭಾಗಿಸಿದರೆ 68. ಎರಡು ವರ್ಷ ಹಳೆಯ ಕಾರ್ಡು ಇಲ್ಲಿ ಮುಂದೆ.

ಸಂಪು ಸಾಲದೆ ಹೋದಾಗ ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ದತ್ತಾಂಶ ತರಿಸಿಕೊಳ್ಳುವುದು ಟ್ಯಾಂಕರ್ ನೀರಿಗೆ ಕಾದಂತೆ. ಆ ಹಾದಿಯ ಹೆಸರು ಪಿಸಿಐಇ. ಅದರಲ್ಲಿ 3060 ಹದಿನಾರು ಪಥಗಳನ್ನು ಬಳಸಿದರೆ 4060 ಎಂಟನ್ನು ಮಾತ್ರ ಬಳಸುತ್ತದೆ, ಮೂರನೆಯ ತಲೆಮಾರಿನ ಹಳೆಯ ಮದರ್‌ಬೋರ್ಡಿನಲ್ಲಾದರೆ ಆ ಎಂಟರಲ್ಲಿ ಹರಿಯುವುದು ಸೆಕೆಂಡಿಗೆ ಸುಮಾರು 8 ಜಿಬಿ.

ವಿದ್ಯುತ್ತಿನ ಲೆಕ್ಕದಲ್ಲಿ 4060ರ ಮೇಲುಗೈ ನಿರ್ವಿವಾದ. ಪೂರ್ಣ ಹೊರೆಯಲ್ಲಿ ಹಳೆಯದು 170 ವ್ಯಾಟ್, ಹೊಸದು 115 ವ್ಯಾಟ್ ಬಳಸುತ್ತವೆ. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ವ್ಯತ್ಯಾಸ 6.6 ಯೂನಿಟ್, ಹಣದಲ್ಲಿ ನಲವತ್ತು ರೂಪಾಯಿಯ ಆಸುಪಾಸು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಗೆರೆಯ ಅಂಚಿನಲ್ಲಿರುವ ಮನೆಗಾದರೆ ಆರೂವರೆ ಯೂನಿಟ್ಟೂ ದೊಡ್ಡದೇ.

ಹಳೆಯದನ್ನೇ ಬಯಸುವವರು ಮೆಟ್ರೊ ಹಿಡಿದು ಎಸ್.ಪಿ. ರಸ್ತೆಯ ಅಂಗಡಿಸಾಲಿಗೆ ಹೋದಾಗ ಎರಡು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಜಾಲ ಗ್ರಾಫಿಕ್ಸ್ ಕಾರ್ಡುಗಳಿಂದ ನಾಣ್ಯ ಗಳಿಸುವ ‘ಗಣಿಗಾರಿಕೆ’ಯನ್ನು ಕೈಬಿಟ್ಟ ಮೇಲೆ, ಹಗಲಿರುಳು ಬಿಸಿಯಲ್ಲಿ ದುಡಿದ ಅಸಂಖ್ಯ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಇಳಿದವು, ಅವುಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಫ್ಯಾನು ಮತ್ತು ಒಣಗಿದ ಥರ್ಮಲ್ ಪೇಸ್ಟು. ಎರಡನೆಯದು ಹೆಸರಿನ ಗೊಂದಲ. ಅದೇ ವರ್ಷದ ಕೊನೆಗೆ ಬಂದ ಇನ್ನೊಂದು 3060 ಉಂಟು. ಅದರ ಮೆಮೊರಿ 8 ಜಿಬಿ, ಪೈಪು 128 ಬಿಟ್, ಹರಿವು ಕೇವಲ 240 ಜಿಬಿ. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳಲ್ಲಿ ಎರಡಕ್ಕೂ ಒಂದೇ ಹೆಸರು; ವ್ಯತ್ಯಾಸ ಕಾಣುವುದು ಮೂಲೆಯಲ್ಲಿ ಅಚ್ಚಾದ ಜಿಬಿ ಅಂಕಿಯಲ್ಲಿ ಮಾತ್ರ.