ಗಡ್ಡೆಯ ಬಂಡೆಗೆ ಎಷ್ಟು ವಯಸ್ಸು?

ಹಂಪಿಯಿಂದ ತುಂಗಭದ್ರೆಯನ್ನು ದಾಟಿ ಗಂಗಾವತಿ ಸೀಮೆಯ ವಿರೂಪಾಪುರಗಡ್ಡೆಗೆ ಬಂದರೆ ಸುತ್ತಲೂ ಕಾಣುವುದು ಒಂದರ ಮೇಲೊಂದು ಕೂತ ಗ್ರಾನೈಟ್ ಗುಂಡುಗಳು. ಈ ಭಾಗದ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಪಿಯುಸಿ ಹುಡುಗರು ಸೂತ್ರ ಉರುಹೊಡೆದು ಬಿಡಿಸುವ ಲೆಕ್ಕವೊಂದು ಇಲ್ಲಿ ಬಾಯಿಲೆಕ್ಕವಾಗುತ್ತದೆ.

ಗ್ರಾನೈಟಿನ ಗುಲಾಬಿ ಹರಳುಗಳಲ್ಲಿ ಪೊಟ್ಯಾಸಿಯಂ ಇದೆ. ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಒಂದರಷ್ಟು ಮಾತ್ರ ವಿಕಿರಣಶೀಲವಾದ ಪೊಟ್ಯಾಸಿಯಂ-40. ಇದರ ಅರ್ಧಾಯು 125 ಕೋಟಿ ವರ್ಷ. ಹಾಗಾದರೆ 250 ಕೋಟಿ ವರ್ಷಕ್ಕೆ ಉಳಿದದ್ದೆಷ್ಟು? ಎರಡು ಅರ್ಧ ಕಳೆದರೆ ಸೊನ್ನೆ ಎನ್ನುವವರೇ ಹೆಚ್ಚು. ಉತ್ತರ ಸೊನ್ನೆಯಲ್ಲ, ಕಾಲು ಭಾಗ.

ಏಕೆಂದರೆ ಪರಮಾಣುವಿಗೆ ಮುಪ್ಪಿಲ್ಲ. ನಿನ್ನೆ ಹುಟ್ಟಿದ್ದಕ್ಕೂ 250 ಕೋಟಿ ವರ್ಷ ಕಾದದ್ದಕ್ಕೂ ನಾಳೆ ಒಡೆಯುವ ಸಂಭವ ಒಂದೇ. ಯಾವುದು ಒಡೆಯುತ್ತದೆಂದು ಯಾರೂ ಹೇಳಲಾರರು. ಗುಂಪಿನಲ್ಲಿ ಎಷ್ಟು ಒಡೆಯುತ್ತವೆಂದು ಹೇಳಬಹುದು. ಕ್ವಾಂಟಂ ಸಿದ್ಧಾಂತದ ತಿರುಳು ಇದೇ. ಸೂತ್ರ ಕಲಿಸುವ ಮೊದಲು ಇದನ್ನು ಹೇಳಬೇಕಿತ್ತು, ನಮ್ಮ ಪಠ್ಯಗಳಲ್ಲಿ ಹೆಚ್ಚಾಗಿ ಇದು ಕೊನೆಗೆ ಬರುತ್ತದೆ.

ಪೊಟ್ಯಾಸಿಯಂ ಒಡೆದು ಹುಟ್ಟುವ ಆರ್ಗಾನ್ ಅನಿಲವಾದ್ದರಿಂದ ಬಂಡೆ ಮತ್ತೆ ಕಾದರೆ ಸೋರಿಹೋಗುತ್ತದೆ. ಅದಕ್ಕೇ ಭೂವಿಜ್ಞಾನಿಗಳು ಇಂಥ ಹಳೆಯ ಶಿಲೆಗಳಲ್ಲಿ ಜಿರ್ಕಾನ್ ಎಂಬ ಗಟ್ಟಿ ಹರಳನ್ನು ಹುಡುಕುತ್ತಾರೆ. ಅದರೊಳಗಿನ ಯುರೇನಿಯಂ ಹಂತಹಂತವಾಗಿ ಸೀಸವಾಗುತ್ತದೆ. ಮೊದಲ ಹಂತದಲ್ಲಿ ಆಲ್ಫಾ ಕಣ, ತಾನು ಹತ್ತಲಾರದ ಗೋಡೆಯನ್ನು ತೂರಿಕೊಂಡೇ ಹೊರಬರುತ್ತದೆ. 1928ರಲ್ಲಿ ಗ್ಯಾಮೊವ್ ಇದನ್ನು ವಿವರಿಸಿದ. ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ. ಗಡ್ಡೆಯ ಬಂಡೆ ಇನ್ನೂ ಒಂದು ಅರ್ಧಾಯುವನ್ನೂ ಮುಗಿಸಿಲ್ಲ: ಮೊದಲಿದ್ದ ನೂರರಲ್ಲಿ 68 ಪಾಲು ಹಾಗೇ ಇದೆ.