ಬೇಕಲ ಕೋಟೆ: ಕಡಲ ವಾಣಿಜ್ಯದ ಕಾವಲು

ಗುಂಡ್ಲುಪೇಟೆಯಿಂದ ಮುತ್ತಂಗ, ಸುಲ್ತಾನ್ ಬತ್ತೇರಿಗಳನ್ನು ಹಾದು, ಘಟ್ಟವಿಳಿದು, ಕಣ್ಣೂರಿನಿಂದ ಉತ್ತರಕ್ಕೆ ಸಾಗಿದರೆ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನು ತಲುಪಬಹುದು. ನಮ್ಮ ವರ್ತಕರು ತರಕಾರಿ, ಹೂವು, ಬಾಳೆಗಳನ್ನು ಕೇರಳಕ್ಕೆ ಕಳುಹಿಸುವ ಹೆದ್ದಾರಿಯೇ ಈ ಪ್ರಯಾಣದ ಮೊದಲ ಭಾಗ.

ಒಳನಾಡಿಗೂ ಕಡಲಿಗೂ ಇರುವ ನಂಟು ಬಹು ಪುರಾತನವಾದುದು. ಕ್ರಿ.ಶ. 1ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಪೆರಿಪ್ಲಸ್’ ಎಂಬ ನೌಕಾಯಾನದ ಕೈಪಿಡಿಯು ಮಲಬಾರ್ ತೀರದ ಕರಿಮೆಣಸಿನ ರಫ್ತನ್ನು ವಿವರಿಸುತ್ತದೆ. 2ನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯು ಬೆರಿಲ್ ರತ್ನ ದೊರೆಯುವ ‘ಪೌನ್ನಾಟ’ವನ್ನು ಹೆಸರಿಸಿದ್ದಾನೆ. ಕಪಿನಿ ತೀರದ ಪುನ್ನಾಟವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ.

ಬೇಕಲ ಕೋಟೆಯ ನಿರ್ಮಾಣವು 17ನೇ ಶತಮಾನದ ಮಧ್ಯಭಾಗದ್ದು. ಕೆಳದಿಯ ಶಿವಪ್ಪನಾಯಕನು ಇದನ್ನು ಕಟ್ಟಿಸಿದನೆಂಬುದು ಪ್ರಚಲಿತ ಅಭಿಪ್ರಾಯ. ಕರಾವಳಿಯ ಅಕ್ಕಿ ಮತ್ತು ಮೆಣಸಿನ ವ್ಯಾಪಾರವು ಕೆಳದಿ ಅರಸರ ಬೊಕ್ಕಸದ ಆಧಾರವಾಗಿತ್ತು. ಅದಕ್ಕಾಗಿ ಅವರು ಪೋರ್ಚುಗೀಸರೊಡನೆ ಕಾದಾಡಿದರು, ಒಪ್ಪಂದಗಳನ್ನೂ ಮಾಡಿಕೊಂಡರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಬಳಿಕ ಈ ಕೋಟೆ ಮೈಸೂರಿನ ವಶವಾಯಿತು. 1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳವನ್ನು ಸೇರಿತು.

ಸುಮಾರು 40 ಎಕರೆ ವಿಸ್ತಾರದ ಕೋಟೆಯನ್ನು ಮುರಕಲ್ಲಿನಿಂದ ಕಟ್ಟಲಾಗಿದೆ. ಗೋಡೆಯ ಕಂಡಿಗಳ ರಚನೆ ವಿಶೇಷವಾದುದು: ಮೇಲಿನವು ದೂರದ ಗುರಿಗೆ, ಕೆಳಗಿನವು ಹತ್ತಿರ ಬಂದ ಶತ್ರುವಿಗೆ. ಮದ್ದಿನ ಮನೆ, ಮೆಟ್ಟಿಲುಗಳುಳ್ಳ ಕೊಳ ಹಾಗೂ ಎತ್ತರದ ವೀಕ್ಷಣಾ ಗೋಪುರಗಳು ಇಂದಿಗೂ ಉಳಿದಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯು ಇದನ್ನು ಸಂರಕ್ಷಿಸುತ್ತಿದೆ.

ಗೋಪುರದ ಮೇಲೆ ನಿಂತ ವರ್ತಕನಿಗೆ ಒಂದು ವಿಚಾರ ಹೊಳೆಯದಿರದು. ಗೋಡೆಗಳು ಅಚಲವಾಗಿವೆ, ಅವು ಕಾದ ವ್ಯಾಪಾರ ಮಾತ್ರ ಬೇರೆ ಬಂದರುಗಳಿಗೆ, ಬೇರೆ ದಾರಿಗಳಿಗೆ ಸರಿದುಹೋಗಿದೆ. ನಮ್ಮ ದಾರಿಗೂ ಮಿತಿಯುಂಟು. ಬಂಡೀಪುರದ ವನ್ಯಜೀವಿಗಳ ರಕ್ಷಣೆಗಾಗಿ 2009ರಲ್ಲಿ ಆರಂಭವಾದ ರಾತ್ರಿ ಸಂಚಾರದ ನಿರ್ಬಂಧದಂತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ವಾಹನಗಳು ಅರಣ್ಯವನ್ನು ದಾಟುವಂತಿಲ್ಲ. ಕಾಡಿನ ಹಿತವನ್ನು ಅಲ್ಲಗಳೆಯಲಾಗದು. ಆದರೆ ಸಂಜೆ ಕೊಯ್ದ ಟೊಮೆಟೊ ಬೆಳಗಿನವರೆಗೆ ಕಾಯಬೇಕಾಗುತ್ತದೆ. ಆದುದರಿಂದ ಶೀತಲಗೃಹ, ಅರಿಸಿನ ಸಂಸ್ಕರಣೆ, ಬಾಳೆಯ ಉತ್ಪನ್ನಗಳಂತಹ ಘಟಕಗಳನ್ನು ಗುಂಡ್ಲುಪೇಟೆ, ಚಾಮರಾಜನಗರಗಳಲ್ಲಿಯೇ ಬೆಳೆಸುವುದು ವಿವೇಕದ ಮಾರ್ಗ. ಒಂದು ರಾತ್ರಿ ತಡೆದುಕೊಳ್ಳಬಲ್ಲ ಸರಕಿಗೆ ಮುಚ್ಚಿದ ದಾರಿಯ ಭಯ ಕಡಿಮೆ.