ಮೇಲೆ ಹಳಿ, ಕೆಳಗೆ ನೀರು, ನಡುವೆ ರಸ್ತೆ
ತಗ್ಗು ರೈಲ್ವೆ ಕೆಳಸೇತುವೆಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಮಳೆಗಾಲ ಹಿಡಿಯಿತೆಂದರೆ ಮಂಗಳೂರಿನಲ್ಲಿ ರೈಲ್ವೆ ಕೆಳಸೇತುವೆಗಳ ಮಾತು ಶುರುವಾಗುತ್ತದೆ. ಪಡೀಲಿನಿಂದ ಬಜಾಲಿಗೆ ಹೋಗುವ ಅಂಡರ್‌ಪಾಸ್‌ನಲ್ಲಿ ನೀರು, ಜೆಪ್ಪು ಮಹಾಕಾಳಿಪಡ್ಪುವಿನಲ್ಲಿ ವರ್ಷಗಟ್ಟಲೆ ಕಾಡಿದ ಗೇಟು, ಎಲ್ಲೋ ಒಂದು ಕಡೆ ತಲೆ ತಾಗಿಸಿಕೊಂಡು ನಿಂತ ಲಾರಿ. ಜನರ ದೂರು ನ್ಯಾಯವಾದದ್ದೇ. ಆದರೆ ಈ ಸೇತುವೆಗಳು ಯಾಕೆ ಇಷ್ಟು ತಗ್ಗು ಎಂಬುದಕ್ಕೆ ನಾವು ಹೇಳಿಕೊಳ್ಳುವ ಕಾರಣಗಳಲ್ಲಿ ಹೆಚ್ಚಿನವು ತಪ್ಪು. ಕಾರಣ ತಪ್ಪಾದರೆ ನಾವು ಕೇಳುವ ಪರಿಹಾರವೂ ತಪ್ಪುತ್ತದೆ.

ತಪ್ಪು ಕಲ್ಪನೆ 1: ತಗ್ಗು ಸೇತುವೆಗಳೆಲ್ಲ ಬ್ರಿಟಿಷರ ಕಾಲದವು, ಎತ್ತಿನ ಗಾಡಿಗೆಂದು ಕಟ್ಟಿದವು.

ಸತ್ಯ: ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ನಿಜ. ಆದರೆ ಹಾಸನದ ಮಾರ್ಗ ತೆರೆದದ್ದು 1979ರಲ್ಲಿ, ಕೊಂಕಣ ರೈಲ್ವೆ 1998ರಲ್ಲಿ. ಊರಿನ ಸುತ್ತ ಹರಡಿದ ಹಳಿಗಳಲ್ಲಿ ಬಹುಪಾಲು ಸ್ವಾತಂತ್ರ್ಯಾನಂತರದವು. ಇನ್ನೂ ಮುಖ್ಯವಾದ ವಿಷಯ, ಇಂದಿಗೂ ರೈಲ್ವೆಯವರು ತಗ್ಗು ಸೇತುವೆಗಳನ್ನು ಉದ್ದೇಶಪೂರ್ವಕವಾಗಿಯೇ ಕಟ್ಟುತ್ತಾರೆ. ಅದಕ್ಕೆ 'ಲಿಮಿಟೆಡ್ ಹೈಟ್ ಸಬ್‌ವೇ' ಎಂದೇ ಹೆಸರು. ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರರಿಲ್ಲದ ಗೇಟುಗಳನ್ನು 2019ರ ಜನವರಿಯೊಳಗೆ ಮುಚ್ಚಿದಾಗ, ಎಷ್ಟೋ ಕಡೆ ಗೇಟಿನ ಜಾಗಕ್ಕೆ ಬಂದದ್ದು ಇವೇ. ಬೈಕು, ಕಾರು, ರಿಕ್ಷಾ ಹೋದರೆ ಸಾಕು, ಲಾರಿಗೆ ಬೇರೆ ದಾರಿಯಿದೆ ಎಂಬ ಲೆಕ್ಕದಲ್ಲಿ ಇವನ್ನು ಕಟ್ಟುತ್ತಾರೆ. ನಗರದ ಅಂಡರ್‌ಪಾಸ್‌ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಮಾನದಂಡ ಹೇಳುವ ಎತ್ತರ 5.5 ಮೀಟರ್. ಅಷ್ಟು ಎತ್ತರ ಬೇಕೆಂದರೆ ಎರಡೂ ಬದಿಯ ಇಳಿಜಾರು ಉದ್ದವಾಗುತ್ತದೆ, ಹೆಚ್ಚು ಮನೆ, ಅಂಗಡಿ, ಜಾಗ ಹೋಗುತ್ತದೆ.

ತಪ್ಪು ಕಲ್ಪನೆ 2: ರಸ್ತೆಯನ್ನು ಎರಡಡಿ ಅಗೆದರೆ ಮುಗಿಯಿತು.

ಸತ್ಯ: ಸೇತುವೆಯ ಬಾಯಿಯನ್ನು ಪಕ್ಕದಿಂದ ನೋಡಿ. ಮೇಲೆ ಸುಮಾರು 17 ಸೆಂಟಿಮೀಟರ್ ಎತ್ತರದ ಹಳಿ, ಅದರಡಿ ಕಾಂಕ್ರೀಟ್ ಸ್ಲೀಪರ್, ಅದರಡಿ ಒಂದಡಿಯಷ್ಟು ಜಲ್ಲಿ, ಆಮೇಲೆ ರೈಲಿನ ಭಾರ ಹೊರುವ ದಪ್ಪ ಕಾಂಕ್ರೀಟ್ ಹಾಸು. ಎಲ್ಲ ಸೇರಿ ಒಂದು ಮೀಟರಿಗೂ ಹೆಚ್ಚು. ರಸ್ತೆಗೆ ಸಿಗುವ ಎತ್ತರ ಇದರ ಕೆಳಗಿನಿಂದ ಶುರು. ಅಲ್ಲಿಂದ ಕೆಳಕ್ಕೆ ಅಗೆಯುತ್ತಾ ಹೋದರೆ ಸೇತುವೆಯ ಅಡಿಪಾಯ ಎದುರಾಗುತ್ತದೆ, ಇಲ್ಲವೇ ನೀರು.

ಮಂಗಳೂರಿನಲ್ಲಿ ಬಹಳ ಕಡೆ ಮೊದಲು ಸಿಗುವುದು ನೀರೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಇಲ್ಲಿನ ಮುರಕಲ್ಲು ತೂತುತೂತು. ಮಳೆ ನಿಂತ ಮೇಲೂ ಗೋಡೆಯಿಂದ, ನೆಲದಿಂದ ಒರತೆ ಜಿನುಗುತ್ತದೆ. ಜೆಪ್ಪು ಕಡೆಯಂತೂ ನೇತ್ರಾವತಿಗೆ ಹತ್ತಿರ, ಆ ನದಿಯ ನೀರು ಸಮುದ್ರದ ಉಬ್ಬರದೊಂದಿಗೆ ಏರುತ್ತದೆ. ಅಲ್ಲಿ ರಸ್ತೆಯನ್ನು ತೋಡು, ಚರಂಡಿಗಳಿಗಿಂತ ಕೆಳಗೆ ಇಳಿಸಿದರೆ ನೀರು ತಾನಾಗಿ ಹರಿದುಹೋಗದು, ಪಂಪ್ ಇಟ್ಟೇ ಎತ್ತಬೇಕು. ಜೋರು ಮಳೆಯ ರಾತ್ರಿ ಕರೆಂಟ್ ಹೋದರೆ ಆ ಪಂಪಿನ ಗತಿ ಏನೆಂದು ನೀಲನಕ್ಷೆ ಬರೆಯುವಾಗಲೇ ಯೋಚಿಸಿರಬೇಕು.

ತಪ್ಪು ಕಲ್ಪನೆ 3: ಹಾಗಾದರೆ ಹಳಿಯನ್ನೇ ಎತ್ತಿದರಾಯಿತು.

ಸತ್ಯ: ರಸ್ತೆಯ ಹಾಗೆ ಹಳಿ ಗಕ್ಕನೆ ಏರಲಾರದು. ನೂರಕ್ಕೆ ಒಂದರ ಏರು ಎಂದಿಟ್ಟುಕೊಂಡರೂ, ಒಂದು ಮೀಟರ್ ಎತ್ತಲು ಸೇತುವೆಯ ಆಚೆ ನೂರು ಮೀಟರ್, ಈಚೆ ನೂರು ಮೀಟರ್ ಹಳಿಯನ್ನು ಹೊಸದಾಗಿ ಹಾಸಬೇಕು. ಮೇಲಿನ ವಿದ್ಯುತ್ ತಂತಿಯನ್ನೂ ಅಷ್ಟೇ ಎತ್ತಬೇಕು. ನಿಲ್ದಾಣದ ಯಾರ್ಡಂತೂ ಬಹುತೇಕ ಸಮತಟ್ಟಾಗಿರಬೇಕು. ಪಡೀಲಿನ ಪಕ್ಕದಲ್ಲೇ ಮಂಗಳೂರು ಜಂಕ್ಷನ್ ಇರುವಾಗ ಹಳಿ ಎತ್ತುವ ಮಾತು ಸುಲಭವಲ್ಲ.

ಎತ್ತಿದ ಉದಾಹರಣೆಯೂ ಇದೆ. ಅಮೆರಿಕದ ಡರ್ಹಮ್ ನಗರದಲ್ಲಿ 11 ಅಡಿ 8 ಇಂಚು ಎತ್ತರವಿದ್ದ ರೈಲ್ವೆ ಸೇತುವೆಯೊಂದು ಲಾರಿಗಳ ತಲೆ ಕೀಳುವುದಕ್ಕೇ ಜಗತ್ಪ್ರಸಿದ್ಧ. ರಸ್ತೆ ಅಗೆಯೋಣವೆಂದರೆ ಅಡಿಯಲ್ಲೇ ದೊಡ್ಡ ಒಳಚರಂಡಿ ಕೊಳವೆ. ಕೊನೆಗೆ 2019ರಲ್ಲಿ ಸೇತುವೆಯನ್ನು ಎತ್ತಿದರು. ಸಿಕ್ಕಿದ್ದು ಎಂಟೇ ಇಂಚು. ಅದಾದ ಮೇಲೂ ಲಾರಿಗಳು ತಾಗುತ್ತಲೇ ಇವೆ.

ತಪ್ಪು ಕಲ್ಪನೆ 4: ಬೋರ್ಡಿನಲ್ಲಿ ಬರೆದದ್ದಕ್ಕಿಂತ ಅರ್ಧ ಅಡಿ ಹೆಚ್ಚೇ ಇರುತ್ತದೆ, ಮೊನ್ನೆ ಹೋದ ಲಾರಿ ಇವತ್ತೂ ಹೋಗುತ್ತದೆ.

ಸತ್ಯ: ಮೊನ್ನೆ ಲೋಡು ತುಂಬಿದ್ದ ಲಾರಿಯ ಸ್ಪ್ರಿಂಗ್ ಪ್ಲೇಟುಗಳು ಭಾರಕ್ಕೆ ಬಾಗಿರುತ್ತವೆ. ಖಾಲಿಯಾದಾಗ ಅದೇ ಲಾರಿ ಕೆಲವು ಇಂಚು ಮೇಲೇಳುತ್ತದೆ. ಹೋಗುವಾಗ ನುಸುಳಿದ್ದು ಬರುವಾಗ ತಾಗುವುದು ಹೀಗೆ. ರಸ್ತೆ ತಗ್ಗಿಗೆ ಇಳಿದು ಏರುವ ಕಡೆ ಉದ್ದನೆಯ ಲಾರಿಯ ಮುಂದಿನ, ಹಿಂದಿನ ಚಕ್ರಗಳು ಏರಿನಲ್ಲಿದ್ದು ನಡುಭಾಗ ಸೇತುವೆಗೆ ಇನ್ನಷ್ಟು ಹತ್ತಿರವಾಗುತ್ತದೆ. ಇದೆಲ್ಲದರ ಮೇಲೆ, ಹಳೆಯ ಡಾಮರನ್ನು ಕೆರೆಯದೆ ಹೊಸ ಪದರ ಹಾಕಿದರೆ ಪ್ರತಿ ಸಲವೂ ರಸ್ತೆ ಏರುತ್ತದೆ, ಎತ್ತರ ಕುಗ್ಗುತ್ತದೆ, ಬೋರ್ಡು ಮಾತ್ರ ಹಳೆಯದನ್ನೇ ಹೇಳುತ್ತಿರುತ್ತದೆ. ಸಾಮಾನ್ಯ ಸರಕು ಲಾರಿ 4 ಮೀಟರ್ ಎತ್ತರವಿರಲು ಕಾನೂನಿನಲ್ಲೇ ಅವಕಾಶವಿದೆ. ಆದ್ದರಿಂದ ನಿಯಮ ಮೀರದ ಲಾರಿಯೂ ತಗ್ಗು ಸೇತುವೆಗೆ ತಾಗಬಹುದು.

ತಪ್ಪು ಕಲ್ಪನೆ 5: ಗೇಟಿನ ಮುಂದೆ ಅಡ್ಡ ಹಾಕಿದ ಕಬ್ಬಿಣದ ಕಂಬ ಲಾರಿಯವರಿಗೆ ಕಿರುಕುಳ ಕೊಡಲಿಕ್ಕೆ.

ಸತ್ಯ: ಅದು ಹೈಟ್ ಗೇಜ್. ಸೇತುವೆಯ ಮುಂದೆ ಇದ್ದರೆ ಪೆಟ್ಟನ್ನು ತಾನು ತಿಂದು ಸೇತುವೆಯನ್ನು ಕಾಯುತ್ತದೆ. ವಿದ್ಯುದೀಕರಣಗೊಂಡ ಮಾರ್ಗದ ಗೇಟಿನಲ್ಲಾದರೆ ಅದರ ಎತ್ತರ 4.67 ಮೀಟರ್. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ. ಹುಲ್ಲಿನ ಲೋಡಿನ ಮೇಲೆ ಕುಳಿತು ಬರುವವರ ಜೀವ ಉಳಿಸುವುದು ಆ ಅಡ್ಡ ಕಂಬವೇ.

ತಪ್ಪು ಕಲ್ಪನೆ 6: ಲಾರಿ ಸಿಕ್ಕಿಕೊಂಡರೆ ಟೈರಿನ ಗಾಳಿ ಬಿಟ್ಟು ಹಿಂದಕ್ಕೆ ತೆಗೆದರೆ ಸರಿಹೋಯಿತು.

ಸತ್ಯ: ನಷ್ಟ ಲಾರಿಗೆ ಮಾತ್ರವಲ್ಲ. ಭಾರದ ಲಾರಿ ಗರ್ಡರಿಗೆ ಗುದ್ದಿದರೆ ಮೇಲಿನ ಹಳಿ ಅಕ್ಕಪಕ್ಕಕ್ಕೆ ಸರಿದಿರಬಹುದು, ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ಮುಂದಿನ ರೈಲು ಬರುವ ಮೊದಲು ರೈಲ್ವೆಗೆ ಸುದ್ದಿ ಮುಟ್ಟಬೇಕು. ಹತ್ತಿರದ ಸ್ಟೇಷನ್ ಮಾಸ್ಟರ್, ಗೇಟ್‌ಮನ್ ಅಥವಾ ರೈಲ್ವೆ ಸಹಾಯವಾಣಿ 139, ಯಾರಿಗಾದರೂ ತಕ್ಷಣ ತಿಳಿಸಿ. ಲಾರಿ ತೆಗೆಯುವ ಕೆಲಸ ಆಮೇಲಿನದು. ಬ್ರಿಟನ್ನಿನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ವಾಹನಗಳು ರೈಲ್ವೆ ಸೇತುವೆಗೆ ಗುದ್ದುತ್ತವೆ. ಅಲ್ಲಿ ಸೇತುವೆಯ ಮೇಲೆಯೇ ಫೋನ್ ನಂಬರ್ ಮತ್ತು ಸೇತುವೆಯ ಗುರುತು ಬರೆದ ಫಲಕವಿರುತ್ತದೆ.

ತಪ್ಪು ಕಲ್ಪನೆ 7: ಸ್ವಲ್ಪ ನೀರಿದ್ದರೆ ಏನಾಯಿತು, ದಾಟಿಬಿಡಬಹುದು.

ಸತ್ಯ: ಅಂಡರ್‌ಪಾಸ್‌ನ ನೀರಿನ ಆಳ ಅಂಚಿನಲ್ಲಿ ನಿಂತರೆ ತಿಳಿಯದು. ಎರಡಡಿ ನೀರು ಬಹುಪಾಲು ಕಾರುಗಳನ್ನು ತೇಲಿಸಬಲ್ಲದು. ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವುದು ರೈಲ್ವೆಯದಲ್ಲ, ರಸ್ತೆಯ ಅಂಡರ್‌ಪಾಸ್. 2023ರ ಮೇ 21ರಂದು ಅಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡರು. ಗುಂಡಿ ಯಾವ ಇಲಾಖೆಯದಾದರೂ ನೀರಿನ ಅಪಾಯ ಒಂದೇ.

ಹಾಗಾಗಿ 'ಸೇತುವೆ ಎತ್ತರ ಮಾಡಿ' ಎಂಬ ಒಂದೇ ಕೂಗಿನಿಂದ ಕೆಲಸವಾಗದು. ಡಾಮರು ಹಾಕುವ ಮೊದಲು ಹಳೆಯ ಪದರ ಕೆರೆಯಲಿ, ಹಾಕಿದ ಮೇಲೆ ಎತ್ತರ ಅಳೆದು ಬೋರ್ಡು ಬದಲಿಸಲಿ ಎಂದು ಕೇಳೋಣ. ಎತ್ತರದ ಎಚ್ಚರಿಕೆ ಲಾರಿ ತಿರುಗಿಸಲು ಜಾಗವಿರುವ ಕಡೆಯೇ ಇರಲಿ, ಸೇತುವೆಯ ಬಾಯಲ್ಲಲ್ಲ. ಮೇ ಮುಗಿಯುವ ಮೊದಲು ಚರಂಡಿಯ ಹೂಳು ತೆಗೆಯಲಿ, ಗೋಡೆಯ ಮೇಲೆ ನೀರಿನ ಆಳ ತೋರಿಸುವ ಗುರುತು ಬರೆಯಲಿ. ಇವುಗಳಿಗೆ ಹಳಿ ಎತ್ತಬೇಕಿಲ್ಲ, ನೆಲ ಅಗೆಯಬೇಕಿಲ್ಲ. ಮಹಾನಗರ ಪಾಲಿಕೆ ಮತ್ತು ರೈಲ್ವೆ ಒಟ್ಟಿಗೆ ಕುಳಿತರೆ ಮುಂದಿನ ಮಳೆಗಾಲದೊಳಗೆ ಮಾಡಿ ಮುಗಿಸಬಹುದಾದ ಕೆಲಸಗಳಿವು.